ಸಂಶೋಧನೆಯಲ್ಲಿ ‘ನಾನು’ ಬರಬಾರದೇ?

ಮಾನ್ಯ ಸಂಪಾದಕರೇ,

ಕೊಡಗಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನನ್ನ ಬಳಿಗೆ ಪ್ರತಿ ವರ್ಷ ಒಬ್ಬಿಬ್ಬರು ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಕರಡು ಹಿಡಿದು ಬರುತ್ತಾರೆ. ತಮ್ಮ ಮನೆಯ ಹಬ್ಬ, ಅಜ್ಜಿಯ ಮಾತು, ತಾವು ಬೆಳೆದ ತೋಟ ಇವುಗಳ ಬಗ್ಗೆ ಅವರು ಬರೆದ ಪುಟಗಳಲ್ಲಿ ‘ನಾನು’ ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಬಿದ್ದಿರುತ್ತದೆ. ಸ್ವಂತ ಅನುಭವವನ್ನು ಬರೆದರೆ ಅದು ಆತ್ಮಕಥೆಯಾಗುತ್ತದೆಯೇ ಹೊರತು ಸಂಶೋಧನೆಯಾಗುವುದಿಲ್ಲ ಎಂಬುದು ಆ ಗೆರೆಯ ಅರ್ಥ. ಈ ತಿಳಿವಳಿಕೆ ಸರಿಯಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಪ್ರಬಂಧಕ್ಕೂ ಇದೇ ಗತಿಯಾಯಿತು. ನಾನು ಬೆಳೆದದ್ದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಗಳಲ್ಲೊಂದರಲ್ಲಿ. ಕೊಡಗಿನ ಸುಗ್ಗಿಯ ಹಬ್ಬವಾದ ಹುತ್ತರಿ ಆ ಲೈನ್ ಮನೆಗಳಿಂದ ಹೇಗೆ ಕಾಣುತ್ತಿತ್ತು ಎಂಬುದೇ ನನ್ನ ವಿಷಯವಾಗಿತ್ತು. ಮಾರ್ಗದರ್ಶಕರ ಸೂಚನೆಯಂತೆ ‘ನಾನು’ ಎಂದಿದ್ದಲ್ಲೆಲ್ಲ ‘ಕಾರ್ಮಿಕ ಕುಟುಂಬದ ಮಗುವೊಂದು’ ಎಂದು ತಿದ್ದಿದೆ. ಪ್ರಬಂಧ ಅಂಗೀಕಾರವಾಯಿತು. ಆದರೆ ಆ ಮಗು ಯಾರು, ಅದು ಎಲ್ಲಿ ನಿಂತು ನೋಡುತ್ತಿತ್ತು ಎಂದು ಓದುವವರಿಗೆ ತಿಳಿಯುವ ದಾರಿಯೇ ಉಳಿಯಲಿಲ್ಲ. ಸಾಕ್ಷಿಯನ್ನು ಮರೆಮಾಡಿದ ಬರಹ ಹೆಚ್ಚು ವಸ್ತುನಿಷ್ಠ ಹೇಗಾದೀತು?

ಸ್ವಾನುಭವವನ್ನು ಸಂಸ್ಕೃತಿ ಅಧ್ಯಯನದ ಸಾಮಗ್ರಿಯಾಗಿ ಬಳಸುವ ‘ಆಟೋಎಥ್ನೋಗ್ರಫಿ’ ಹೊಸ ಶೋಕಿಯೇನಲ್ಲ. ಮಾನವಶಾಸ್ತ್ರಜ್ಞ ಡೇವಿಡ್ ಹಯಾನೊ ಅವರು 1979ರಲ್ಲಿಯೇ ಈ ಹೆಸರಿನಲ್ಲಿ ಲೇಖನ ಬರೆದು, ತನ್ನವರನ್ನೇ ಅಧ್ಯಯನ ಮಾಡುವಾತನ ಅನುಕೂಲ ಮತ್ತು ತೊಡಕುಗಳೆರಡನ್ನೂ ಚರ್ಚಿಸಿದ್ದರು. 2006ರಲ್ಲಿ ಸಮಾಜಶಾಸ್ತ್ರಜ್ಞ ಲಿಯಾನ್ ಆ್ಯಂಡರ್ಸನ್ ಅವರು ಈ ವಿಧಾನಕ್ಕೆ ಹಾಕಿದ ಷರತ್ತುಗಳಲ್ಲಿ ನನಗೆ ಮುಖ್ಯವೆನಿಸುವುದು ಒಂದು: ಸಂಶೋಧಕರು ತಮ್ಮ ಅನುಭವಕ್ಕಷ್ಟೇ ಜೋತುಬೀಳದೆ, ಅದೇ ಬದುಕನ್ನು ಕಂಡ ಇತರರೊಡನೆಯೂ ಮಾತುಕತೆ ನಡೆಸಬೇಕು.

ಈ ಷರತ್ತಿನ ಬೆಲೆ ನನಗೆ ತಿಳಿದದ್ದು ತಡವಾಗಿ. ಹುತ್ತರಿಯ ದಿನ ಅಮ್ಮ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇರುತ್ತಿದ್ದಳು, ರಾತ್ರಿ ಕದಿರು ಕೊಯ್ಯುವಾಗ ಗದ್ದೆಯ ಕಡೆಯಿಂದ ಕೇಳುತ್ತಿದ್ದ ಕೋವಿಯ ಸದ್ದನ್ನು ನಾವು ಮಕ್ಕಳು ಬಾಗಿಲಲ್ಲಿ ಕುಳಿತು ಎಣಿಸುತ್ತಿದ್ದೆವು ಎಂದು ನಾನು ಬರೆದಿದ್ದೆ. ಕೆಲವು ವರ್ಷಗಳ ನಂತರ ತೋಟದವರ ಅನುಮತಿ ಪಡೆದು, ಕಾರ್ಮಿಕರ ಹಾಜರಿ ಬರೆದಿಡುವ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ತೆರೆದು ನೋಡಿದರೆ, ಆ ದಿನಗಳಲ್ಲೂ ಅಮ್ಮನ ಹೆಸರಿನ ಮುಂದೆ ತೋಟದ ಗುಮಾಸ್ತನಾದ ರೈಟರ ನೀಲಿ ಶಾಯಿಯಲ್ಲಿ ಪೂರ್ತಿ ಹಾಜರಿ ಇತ್ತು. ನನ್ನ ನೆನಪು ಕಟ್ಟುಕತೆಯಾಗಿತ್ತೇ ಎಂದು ಕಳವಳವಾಯಿತು. ಕೊನೆಗೆ ಅಮ್ಮನ ಜೊತೆ ದುಡಿದಿದ್ದ ಹಿರಿಯರೊಬ್ಬರನ್ನು ಕೇಳಿದಾಗ ಅವರು, “ಹಬ್ಬದ ದಿನ ಮಧ್ಯಾಹ್ನಕ್ಕೇ ಬಿಡ್ತಿದ್ರು ಮಗಾ, ಹಾಜರಿ ಮಾತ್ರ ಪೂರ್ತಿ ಹಾಕ್ತಿದ್ರು” ಎಂದರು. ಆ ಅರ್ಧ ದಿನವನ್ನು ಮಗುವಿನ ಮನಸ್ಸು ಇಡೀ ದಿನವಾಗಿ ಹಿಗ್ಗಿಸಿ ಇಟ್ಟುಕೊಂಡಿತ್ತು. ಪುಸ್ತಕದಲ್ಲಿ ಅದರ ಸುಳಿವೇ ಇರಲಿಲ್ಲ. ಅಮ್ಮ ಹಗಲಿನಲ್ಲಿ ಮನೆಯಲ್ಲಿರುವುದು ನಮ್ಮ ಬಾಲ್ಯದಲ್ಲಿ ಎಷ್ಟು ಅಪರೂಪವಾಗಿತ್ತು ಎಂಬುದನ್ನು ನಾನು ಆಗ ಅರಿತೆ. ನನ್ನ ನೆನಪನ್ನೇ ಪ್ರಬಂಧದಿಂದ ಹೊರಗಿಟ್ಟಿದ್ದರೆ ಪರೀಕ್ಷಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಕೊಡವರ ಕುರಿತ ತಮ್ಮ ಗ್ರಂಥವನ್ನು 1952ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಹೆಸರು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಮುಂದೆ ಅವರು ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ನಾಶವಾದವು. ಆಗ ಅವರು ಬಹುಪಾಲು ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು, ಇಂದಿಗೂ ಸಮಾಜಶಾಸ್ತ್ರದ ತರಗತಿಗಳಲ್ಲಿ ಓದಲ್ಪಡುತ್ತಿದೆ. ಹೆಸರಾಂತ ವಿದ್ವಾಂಸರ ನೆನಪಿಗೆ ಸಿಕ್ಕ ಮನ್ನಣೆ ತೋಟದ ಕೂಲಿಯ ಮಗಳ ನೆನಪಿಗೆ ಏಕೆ ಸಿಗಬಾರದು? ಬರಹದ ದಾಖಲೆಗಳು ಬಹುಮಟ್ಟಿಗೆ ಕೊಡವರ ಪೂರ್ವಿಕರ ಮನೆಗಳಾದ ಐನ್‌ಮನೆಗಳಲ್ಲಿ, ತೋಟದ ಆಫೀಸುಗಳಲ್ಲಿ, ಸರ್ಕಾರದ ಕಡತಗಳಲ್ಲಿ ಇವೆ. ಲೈನ್ ಮನೆಗಳಿಗೆ ನೆನಪೇ ದಫ್ತರು.

ಈ ದಾರಿಯಲ್ಲಿ ಅಪಾಯವೂ ಇದೆ. ನನ್ನ ಹುತ್ತರಿ ಎಲ್ಲ ಕಾರ್ಮಿಕರ ಹುತ್ತರಿಯಲ್ಲ; ಪಕ್ಕದ ಲೈನಿನಲ್ಲಿದ್ದ ಯರವ ಬುಡಕಟ್ಟಿನ ಕುಟುಂಬಕ್ಕೆ ಆ ರಾತ್ರಿ ಏನಾಗಿತ್ತೆಂದು ಹೇಳುವ ಅಧಿಕಾರ ನನಗಿಲ್ಲ, ಅದನ್ನು ಅವರೇ ಬರೆಯಬೇಕು. ನನ್ನ ಕಥೆಯೊಳಗೆ ಅಮ್ಮನಿದ್ದಾಳೆ, ನೆರೆಯವರಿದ್ದಾರೆ, ಸಾಹುಕಾರರ ಮನೆಯವರಿದ್ದಾರೆ. ಕೊಡಗಿನಂಥ ಚಿಕ್ಕ ಜಿಲ್ಲೆಯಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಯಾರೂ ಮರೆಯಾಗುವುದಿಲ್ಲ. ತೋಟದ ಇಳಿಜಾರು, ಹೊಳೆಯ ತಿರುವು ಇಷ್ಟು ಹೇಳಿದರೆ ಸಾಕು, ಊರವರು ಗುರುತು ಹಿಡಿಯುತ್ತಾರೆ. ಆದ್ದರಿಂದ ಅನುಮತಿ ಕೇಳುವುದು ಮತ್ತು ಬರೆದದ್ದನ್ನು ಅವರಿಗೆ ಓದಿ ಹೇಳುವುದು ಈ ವಿಧಾನದ ಕಡ್ಡಾಯ ಭಾಗವಾಗಬೇಕು.

ನೆನಪು ಯಾವ ವರ್ಷದ್ದು, ಯಾರನ್ನು ಕೇಳಿ ಒರೆಗೆ ಹಚ್ಚಿದಿರಿ, ಯಾರ ಒಪ್ಪಿಗೆ ಪಡೆದಿರಿ ಎಂಬ ಪ್ರಶ್ನೆಗಳನ್ನು ನಮ್ಮ ಕಾಲೇಜುಗಳ ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ನಿಷ್ಠುರವಾಗಿಯೇ ಕೇಳಲಿ. ಉತ್ತರ ಸಿಕ್ಕ ಮೇಲೆ ‘ನಾನು’ ಎಂಬ ಪದವನ್ನು ಅಳಿಸದೆ ಉಳಿಸಲಿ ಎಂಬುದು ನನ್ನ ಕಳಕಳಿಯ ಮನವಿ.

ಅಮ್ಮ ಈಗಲೂ ಅದೇ ಊರಿನಲ್ಲಿದ್ದಾಳೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿದ್ದೇನೆ. ತೋಟದವರಿಗೆ ಮುಜುಗರವಾಗಬಾರದು ಎಂದು ಅವಳು ಹೇಳಿರುವುದರಿಂದ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

ಇಂತಿ,
ಕನ್ನಡ ಅಧ್ಯಾಪಕಿ, ಕೊಡಗು