ಶಿವು, ಆ ಹಸಿರು ಮುಚ್ಚಳದ ಡಬ್ಬಿ

ಶಿವು,

ನಿನ್ನೆ ನಿಮ್ಮಮ್ಮ ಫೋನ್ ಮಾಡಿ "ತೂಕ ಇಳಿಸೋ ಆ ಪುಡಿ ಇನ್ನೊಂದು ಡಬ್ಬಿ ಕಳಿಸಪ್ಪ, ಮುಗೀತಾ ಬಂತು" ಅಂದರು. "ಬೇಡ ಅಮ್ಮ, ಇವತ್ತಿಂದಲೇ ನಿಲ್ಲಿಸಿಬಿಡಿ" ಅಂದೆ. ಯಾಕೆ ಅಂತ ನೀನು ಕೇಳಿದಾಗ ಆಮೇಲೆ ಹೇಳುತ್ತೇನೆ ಅಂದೆನಲ್ಲ, ಈಗ ಹೇಳುತ್ತಿದ್ದೇನೆ. ಎಲ್ಲರೆದುರು ಬರೆಯುವುದಕ್ಕೂ ಕಾರಣ ಇದೆ. ಯುಗಾದಿಗೆ 7 ಕೆಜಿ ಇಳಿದೆ ಅಂತ ಫೋಟೋ ಹಾಕಿದ್ದು ಇಲ್ಲೇ. ಕೇಳಿದವರಿಗೆಲ್ಲ ಮಾರುವವನ ನಂಬರ್ ಕೊಟ್ಟಿದ್ದೂ ಇಲ್ಲೇ.

ಡಬ್ಬಿಯ ಮೇಲೆ ಒಂದು ಎಲೆಯ ಚಿತ್ರ, 'ನೂರಕ್ಕೆ ನೂರು ಗಿಡಮೂಲಿಕೆ' ಅನ್ನೋ ಸಾಲು. ಒಳಗೆ ಏನೇನಿದೆ, ಯಾರು ಮಾಡಿದ್ದು, ಲೈಸೆನ್ಸ್ ಇದೆಯಾ, ಒಂದೂ ಬರೆದಿರಲಿಲ್ಲ. ಮೂರನೇ ತಿಂಗಳಲ್ಲಿ ಮೂತ್ರ ಕಡು ಹಳದಿಯಾಯಿತು. ಅನ್ನ ಕಂಡರೆ ಓಕರಿಕೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಲೆಕ್ಕ ಇರಬೇಕಾದ್ದಕ್ಕಿಂತ ಆರು ಪಟ್ಟು. "ಏನಾದ್ರೂ ಪುಡಿ ತಗೋತಿದ್ದೀರಾ?" ಅಂತ ಡಾಕ್ಟರು ಕೇಳಿದರು. ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ಸುಮಾ ಏನೂ ಮಾತಾಡದೆ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಬಿಟ್ಟ ಮೇಲೆ ಏಳು ವಾರಕ್ಕೆ ಸರಿಹೋಯಿತು. ಪುಡಿಯಿಂದಲೇ ಅಂತ ಡಾಕ್ಟರು ಖಂಡಿತವಾಗಿ ಹೇಳಲಿಲ್ಲ. ಆದರೆ ಇಂಥ ಡಬ್ಬಿಗಳಲ್ಲಿ ಸಿಬುಟ್ರಮಿನ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆಯಂತೆ. ಹಸಿವು ಅಡಗಿಸುವ ಔಷಧಿ ಅದು. ಹೃದಯಕ್ಕೆ ಅಪಾಯ ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

ಮಾರುವವನು 'ಗಾರ್ಸೀನಿಯಾ' ಅಂತ ದೊಡ್ಡದಾಗಿ ಹೇಳುತ್ತಿದ್ದ. ಅದು ನಮ್ಮ ಉಪ್ಪಾಗೆ ಕಣೋ. ಮಡಿಕೇರಿಯಲ್ಲಿ ನೀನು ಮೂರು ಸಲ ಹಾಕಿಸಿಕೊಂಡ ಪಂದಿ ಕರಿಯ ಕಪ್ಪು ಹುಳಿ, ಕಾಚಂಪುಳಿ, ಅದೇ ಹಣ್ಣಿನದು. ಅಡುಗೆಯಲ್ಲಿ ಅದರಷ್ಟು ಒಳ್ಳೆ ಹುಳಿ ಇಲ್ಲ. ಸಾರ ತೆಗೆದು ಮಾತ್ರೆ ಮಾಡಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನೋಡಿದರು. ಅರ್ಧದಷ್ಟು ಜನಕ್ಕೆ ನಿಜವಾದದ್ದು, ಉಳಿದವರಿಗೆ ಔಷಧಿಯೇ ಇಲ್ಲದ ಸುಮ್ನೆ ಮಾತ್ರೆ. 1998ರಲ್ಲಿ ಫಲಿತಾಂಶ ಬಂತು: ತೂಕ ಇಳಿದದ್ದರಲ್ಲಿ ವ್ಯತ್ಯಾಸವೇ ಇಲ್ಲ. ಲಿವರ್‌ಗೆ ತೊಂದರೆಯಾದ ವರದಿಗಳು ಮಾತ್ರ ಆಮೇಲೆ ಬಂದಿವೆ.

ಇನ್ನು ಅದರಲ್ಲಿ ಮೆಂತ್ಯ ಇದ್ದಿದ್ದರೆ? ಮೆಂತ್ಯದ ನಾರು ನೀರು ಹೀರಿ ಲೋಳೆಯಾಗಿ ಹೊಟ್ಟೆ ತುಂಬಿದ ಹಾಗೆ ಇಡುತ್ತದೆ. ಕೊಬ್ಬು ಕರಗಿಸುವುದಿಲ್ಲ. ಆದರೆ ಅಮ್ಮ ಶುಗರ್ ಮಾತ್ರೆ ತಗೋತಾರೆ, ಅಲ್ವಾ? ಮೆಂತ್ಯದ ಪುಡಿ ಜಾಸ್ತಿ ತಿಂದರೆ ಅದೂ ಶುಗರ್ ಇಳಿಸುತ್ತದೆ. ಎರಡೂ ಸೇರಿದರೆ ತಲೆಸುತ್ತಿ ಬೀಳಬಹುದು. ಆ ಡಬ್ಬಿಯಲ್ಲಿ ಮೆಂತ್ಯ ಇತ್ತಾ, ಇನ್ನೇನಿತ್ತು, ಕೇಳದೆ ಅವರ ಕೈಗೆ ಕೊಟ್ಟವನು ನಾನು.

ಇನ್ನೂ ಕೆಟ್ಟದ್ದೊಂದಿದೆ. ನನಗೆ ವಿಷಯ ಗೊತ್ತಾಗಿ ಏಳು ವಾರ. ಆ ಏಳು ವಾರವೂ ಅಮ್ಮ ಅದನ್ನು ತಿಂದರು. ನಾನು ಬಾಯಿ ಬಿಡಲಿಲ್ಲ.

ಯಾಕೆ ಅಂದರೆ, ಎರಡು ವರ್ಷದ ಹಿಂದೆ ತಂಗಿ ಮದುವೆಗೆ ಶರ್ಟು ಹೊಲಿಸಲು ಹೋಗಿದ್ದೆ. ಟೈಲರ್ ಟೇಪು ಸುತ್ತಿ, ಮೂಲೆಯಲ್ಲಿ ಪುಸ್ತಕ ಹಿಡಿದಿದ್ದ ಹುಡುಗನಿಗೆ "ನಲವತ್ತೆರಡು" ಅಂತ ಕೂಗಿದ. ಹುಡುಗ ತಲೆಯೆತ್ತಿ "ಎದೇನಾ ಅಣ್ಣ, ಹೊಟ್ಟೇನಾ?" ಅಂದ. ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ನಾನು ಶರ್ಟು ಹೊಲಿಸಿಲ್ಲ. ಬಚ್ಚಲಲ್ಲಿ ದೀಪ ಹಾಕದೆ ಸ್ನಾನ ಮಾಡುತ್ತೇನೆ. 7 ಕೆಜಿ ಇಳಿದಾಗ ನೀವೆಲ್ಲ ಹೊಗಳಿದಿರಲ್ಲ, ಅದನ್ನು ವಾಪಸ್ ಕೊಡಲು ನನಗೆ ಮನಸ್ಸು ಬರಲಿಲ್ಲ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಶಿವು.

ಡಾಕ್ಟರೂ ಟೇಪು ತೆಗೆದರು. ಕೂಗಲಿಲ್ಲ, ಬರೆದುಕೊಂಡರು. ನಮ್ಮ ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಎಚ್ಚರ ಬೇಕಂತೆ. "ಇದು ಸೋಮಾರಿತನ ಅಲ್ಲ" ಅಂದರು. ತೂಕ ಇಳಿಯುತ್ತಿದ್ದ ಹಾಗೆ ಮೈ ಬರಗಾಲ ಬಂತು ಅಂದುಕೊಂಡು ಹಸಿವು ಏರಿಸುತ್ತದೆ, ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ. ನಿದ್ದೆ ಕೆಟ್ಟರೂ ಹಸಿವು ಜಾಸ್ತಿ. ನನ್ನದು ಹನ್ನೊಂದು ವರ್ಷದ ರಾತ್ರಿ ಪಾಳಿ. ಅಲ್ಲೇ ಕಣ್ಣೀರು ಬಂತು.

ನಾಳೆಯೇ ಅಮ್ಮನಿಗೆ ಲಿವರ್ ಪರೀಕ್ಷೆ, ಶುಗರ್ ಎರಡೂ ಮಾಡಿಸು. ಡಬ್ಬಿ ಬಿಸಾಡಬೇಡ, ಡಾಕ್ಟರಿಗೆ ತೋರಿಸು. ನನ್ನಿಂದ ನಂಬರ್ ತಗೊಂಡವರೆಲ್ಲ ದಯವಿಟ್ಟು ಹೀಗೇ ಮಾಡಿ.

ಶನಿವಾರ ಮಂಡ್ಯದಿಂದ ಬೆಳಗಿನ ರೈಲಿಗೆ ಬಾ. ಬೈಯುವುದಿದ್ದರೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಬೈಯಿ. ಆಮೇಲೆ ಟೈಲರ್ ಅಂಗಡಿಗೆ ಹೋಗೋಣ. ದಸರಾಕ್ಕೆ ಶರ್ಟು ಬಟ್ಟೆ ತಂದಿಟ್ಟಿದ್ದೇನೆ, ನೀನು ಪಕ್ಕದಲ್ಲಿದ್ದರೆ ಅಳತೆ ಕೊಡುತ್ತೇನೆ.

ನಿನ್ನ,
ರವಿ