ಬಾದಾಮಿ ಇಲ್ಲದ ಬಾದಾಮಿ ಘಮ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಇಟಲಿಯ ಸಿಹಿ ಮದ್ಯಗಳಾದ ಲಿಕರ್‌ಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅವುಗಳಲ್ಲೊಂದಾದ ಅಮರೆಟ್ಟೊವನ್ನು ಸುಮ್ನೆ 'ಬಾದಾಮಿ ಮದ್ಯ' ಅಂದುಬಿಟ್ಟಿದ್ದೀರಿ. ಮಿಲಾನ್ ಹತ್ತಿರದ ಸರೊನ್ನೊ ಊರಿನ ಹೆಸರಾಂತ ಅಮರೆಟ್ಟೊ ಬ್ರ್ಯಾಂಡ್ ಡಿಸರೊನ್ನೊದಲ್ಲಿ ಬಾದಾಮಿಯೇ ಇಲ್ಲ! ಆ ಘಮ ಬರುವುದು ಏಪ್ರಿಕಾಟ್ ಹಣ್ಣಿನ ಓಟೆಯೊಳಗಿನ ಬೀಜದಿಂದ. ನಮ್ಮ ಅಂಗಡಿಗಳಲ್ಲಿ ಸಿಗುವ ಜರ್ದಾಳು ಇದೆಯಲ್ಲ, ಅದೇ ಹಣ್ಣು. ಚಿಕ್ಕವನಿದ್ದಾಗ ಅದರ ಓಟೆಯನ್ನು ಬಾಗಿಲ ಸಂದಿಗೆ ಇಟ್ಟು ಒಡೆದು, ಒಳಗಿನ ಬಿಳಿ ಬೀಜ ತಿಂದು, ಒಮ್ಮೆ ಕಹಿ ಬೀಜ ಸಿಕ್ಕಿ ಥೂ ಅಂತ ಉಗಿದದ್ದು ಇನ್ನೂ ನೆನಪಿದೆ.

ಆ ಕಹಿಯಲ್ಲೇ ಘಮದ ಗುಟ್ಟಿರುವುದು. ಇಂಥ ಕಹಿ ಬೀಜದಲ್ಲೂ ಕಹಿ ಬಾದಾಮಿಯಲ್ಲೂ ಇರುವ ಅಮಿಗ್ಡಲಿನ್ ಎಂಬ ರಾಸಾಯನಿಕ ಒಡೆದಾಗ ಪರಿಮಳದ ಬೆಂಜಾಲ್ಡಿಹೈಡ್ ಬರುತ್ತದೆ, ಜೊತೆಗೆ ಸಯನೈಡ್ ಕೂಡ. ಕಾರ್ಖಾನೆಯವರು ವಿಷ ತೆಗೆದು ಬಳಸುತ್ತಾರೆ, ನಾವು ಅಡುಗೆಮನೆಯಲ್ಲಿ ತೆಗೆಯೋಕಾಗಲ್ಲ ಅಲ್ವಾ? ಹಾಗಾಗಿ 'ಮನೆಯಲ್ಲೇ ಕಹಿ ಬಾದಾಮಿ ನೆನೆಸಿ ಮಾಡಿ' ಎಂಬ ನಿಮ್ಮ ಸಲಹೆಗೆ ದಯವಿಟ್ಟು ತಿದ್ದುಪಡಿ ಹಾಕಿ. ಮಾಡಲೇಬೇಕು ಅನ್ನುವವರಿಗೆ ಲಿಮೊಂಚೆಲ್ಲೊ ಎಂಬ ನಿಂಬೆ ಲಿಕರ್ ಹೇಳಿಕೊಡಬಹುದಿತ್ತು, ನಿಂಬೆ ಸಿಪ್ಪೆ, ಮದ್ಯಸಾರ, ಸಕ್ಕರೆ ಪಾಕ, ಅಷ್ಟೇ.

ಇನ್ನೊಂದು ಮಾತು. ಬೇಕರಿಯ ಬಾದಾಮಿ ಬಿಸ್ಕತ್ತು ಘಂ ಅನ್ನುತ್ತದೆ, ಮನೆಯ ಬಾದಾಮಿ ಹಲ್ವಾ ಯಾಕೆ ಹಾಗಿಲ್ಲ ಅಂತ ನನ್ನ ಹೆಂಡತಿ ಕೇಳುತ್ತಿರುತ್ತಾಳೆ. ಸಿಹಿ ಬಾದಾಮಿಗೆ ಅಷ್ಟು ಘಮವಿಲ್ಲ, ಬೇಕರಿಯದ್ದು ಸಾಮಾನ್ಯವಾಗಿ ಎಸೆನ್ಸ್. ಹಲ್ವಾದಲ್ಲಿ ಮೂಗಿಗೆ ಬಡಿಯುವುದು ತುಪ್ಪ, ಕೇಸರಿ. ನನಗಂತೂ ಅದೇ ಜಾಸ್ತಿ ಇಷ್ಟ.

- ಒಬ್ಬ ಓದುಗ, ಮೈಸೂರು