ನರ್ಸ್‌ಗಳ ಸಂಬಳಕ್ಕೆ ಎಟುಕದ ಬೆಂಗಳೂರು

ಮಾನ್ಯರೇ,

ನಮ್ಮ ಮಹಡಿ ಮನೆಯಲ್ಲಿ ನಾಲ್ವರು ನರ್ಸ್‌ಗಳು ಬಾಡಿಗೆಗಿದ್ದಾರೆ. ಹಾಸಿಗೆ ಎರಡೇ, ಪಾಳಿ ಮುಗಿಸಿ ಬಂದವರು ಮಲಗಲು, ಪಾಳಿಗೆ ಹೊರಟವರು ಏಳಬೇಕು. ಬಾಡಿಗೆ ಎಣಿಸಿಕೊಳ್ಳುವವನೇ ಇದನ್ನು ಬರೆಯುತ್ತಿರುವುದು ವಿಚಿತ್ರ ಎನಿಸಬಹುದು, ಎನಿಸಲಿ.

ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ 2016ರಲ್ಲೇ ಹೇಳಿತ್ತು: 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ಕನಿಷ್ಠ 20,000 ರೂಪಾಯಿ. ನಮ್ಮ ಬಾಡಿಗೆದಾರರಲ್ಲಿ ಒಬ್ಬರಿಗೆ ಇಂದಿಗೂ ಕೈಗೆ ಸಿಗುವುದು ಹದಿನೇಳು ಸಾವಿರ. ಅದರಲ್ಲೇ ನರ್ಸಿಂಗ್ ಓದಿಗೆ ಮಾಡಿದ ಸಾಲದ ಕಂತು. ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯಿತು, ನಿಜ. ಆದರೆ ಅಪರಾತ್ರಿ ಪಾಳಿ ಬಿಟ್ಟಾಗ ಆಟೊದವರು ಕೇಳಿದ್ದೇ ದರ.

ಆ ಕನಿಷ್ಠ ಮೊತ್ತವೂ ಎಲ್ಲ ಊರಿಗೂ ಒಂದೇ. ಸರ್ಕಾರಿ ನೌಕರರ ಮನೆಬಾಡಿಗೆ ಭತ್ಯೆ ಊರಿಗೆ ತಕ್ಕಂತೆ ಬದಲಾಗುವಾಗ, ಮುಂಗಡಕ್ಕೇ ಲಕ್ಷ ಕೇಳುವ ಈ ನಗರದ ಖಾಸಗಿ ನರ್ಸ್‌ಗಳಿಗೆ ಆ ಲೆಕ್ಕ ಏಕಿಲ್ಲ? ಆಸ್ಪತ್ರೆಗಳ ನೋಂದಣಿ ನವೀಕರಿಸುವಾಗ ಆರೋಗ್ಯ ಇಲಾಖೆ ಅಗ್ನಿಸುರಕ್ಷೆಯ ಕಾಗದದ ಜೊತೆಗೆ ನರ್ಸ್‌ಗಳ ವೇತನ ಪಟ್ಟಿಯನ್ನೂ ಕೇಳಲಿ.

– ಓರ್ವ ಓದುಗ, ಬೆಂಗಳೂರು